ಗಾಳಿ ನೋಡಿ ಸೈಕಲ್ ಹತ್ತಿ

ನರಗುಂದ, ರೋಣ, ಗಜೇಂದ್ರಗಡ ಮೂರೂ ಊರು ಪಡುವಣದಿಂದ ಮೂಡಣಕ್ಕೆ ಹೆಚ್ಚುಕಡಿಮೆ ಒಂದೇ ಗೆರೆಯ ಮೇಲಿವೆ. ಈ ತುದಿಯಿಂದ ಆ ತುದಿಗೆ ಸುಮಾರು 70 ಕಿ.ಮೀ. ಹನ್ನೆರಡು ವರ್ಷಗಳಿಂದ ಈ ದಾರಿಯಲ್ಲಿ ಸೈಕಲ್ ತುಳಿಯುತ್ತಿದ್ದೇನೆ. ದಾರಿಯೇ ಕಲಿಸಿದ್ದನ್ನು ಹೊಸದಾಗಿ ಹೊರಡುವವರಿಗೆಂದು ಬರೆಯುತ್ತಿದ್ದೇನೆ.

1. ಮೊದಲು ಗಾಳಿ, ಆಮೇಲೆ ದಾರಿ

ಎರೆ ಬಯಲಿನಲ್ಲಿ ಮರ ಕಡಿಮೆ, ಗಾಳಿಗೆ ಅಡ್ಡಿಯೇ ಇಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ; ಆಗ ನರಗುಂದದಿಂದ ಹೊರಡಬೇಕು. ಡಿಸೆಂಬರ್, ಜನವರಿಯಲ್ಲಿ ಮೂಡಗಾಳಿ; ಆಗ ಗಜೇಂದ್ರಗಡದಿಂದ. ದಾರಿ ನೇರ ಪೂರ್ವ ಪಶ್ಚಿಮವಾಗಿರುವುದರಿಂದ ಗಾಳಿ ಒಂದೋ ಬೆನ್ನಿಗೆ, ಇಲ್ಲವೇ ಎದೆಗೆ. ಮೊದಲ ವರ್ಷ ಇದು ತಿಳಿಯದೆ ಆಷಾಢದಲ್ಲಿ ಗಜೇಂದ್ರಗಡದಿಂದ ಹೊರಟು, ರೋಣ ಮುಟ್ಟುವುದರೊಳಗೆ ಮೂರು ತಾಸು ಹಿಡಿದು, ತೊಡೆ ಕಲ್ಲಾಗಿತ್ತು. ಈಗ ಹೊರಡುವ ಮುನ್ನ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತೇನೆ. ಗಾಳಿ ಬರುವ ದಿಕ್ಕಿಗೇ ಅವುಗಳ ಮುಖವಿರುತ್ತದೆ. ಆಸ್ಟ್ರೇಲಿಯಾದ ದಕ್ಷಿಣ ಅಂಚಿನಲ್ಲಿ ಪರ್ತ್‌ನಿಂದ ಸಿಡ್ನಿಯ ಕಡೆಗೆ ತುಳಿಯುವವರಲ್ಲಿ ಬಹಳ ಮಂದಿ ಪಡುವಣದಿಂದಲೇ ಹೊರಡುವುದು ಇದೇ ಲೆಕ್ಕದ ಮೇಲೆ.

2. ಹಸಿ ಎರೆಯೊಂದಿಗೆ ಗುದ್ದಾಡಬೇಡಿ

ಒಮ್ಮೆ ಮಳೆ ನಿಂತ ಮೇಲೆ ಹತ್ತಿರದ ದಾರಿ ಎಂದು ಹೊಲದ ದಾರಿಗೆ ಇಳಿದೆ. ನೂರು ಮಾರು ಹೋಗುವಷ್ಟರಲ್ಲಿ ಮಣ್ಣು ಟೈರಿಗೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ನಿಂತೇಬಿಟ್ಟಿತು. ಕಡ್ಡಿಯಿಂದ ಕೆತ್ತಿದಷ್ಟೂ ಅಂಟುತ್ತಿತ್ತು. ಬದುವಿನ ಮೇಲೆ ಕುಳಿತಿದ್ದ ಹಿರಿಯರೊಬ್ಬರು, “ತಮ್ಮಾ, ಕೆರೀಬ್ಯಾಡ. ಹೆಗಲಿಗೆ ಹೊತಗೊಂಡು ಡಾಂಬರ ರಸ್ತೆಗೆ ನಡಿ, ಬಿಸಲಿಗೆ ನಿಂದರಸು. ತಾನ ಉದರತೈತಿ” ಎಂದರು. ಹಾಗೇ ಮಾಡಿದೆ. ಒಂದು ತಾಸಿನಲ್ಲಿ ಮಣ್ಣು ಬಿರುಕುಬಿಟ್ಟು, ಟೈರಿನ ಗೀರುಗಳ ಅಚ್ಚು ಹೊತ್ತ ಹೆಂಟೆಗಳಾಗಿ ಕಳಚಿ ಬಿತ್ತು. ಎರೆ ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಇದರಿಂದಲೇ. ಮಳೆಗಾಲದಲ್ಲಿ ನಾನೀಗ ಮಡ್‌ಗಾರ್ಡ್ ಬಿಚ್ಚಿಟ್ಟು ಹೊರಡುತ್ತೇನೆ.

ಜೋರು ಮಳೆಯಾದ ದಿನ ಬೆಣ್ಣೆಹಳ್ಳದ ಸುದ್ದಿ ಕೇಳದೆ ನರಗುಂದ ಬಿಡಬೇಡಿ. ಅದು ತುಂಬಿದರೆ ರೋಣದ ದಾರಿ ಕಡಿದಂತೆ.

3. ಜಾಲಿಮುಳ್ಳು ಹುಡುಕಲು ಹತ್ತಿ

ಟ್ಯೂಬಿಗೆ ತೇಪೆ ಹಚ್ಚಿದ ಹತ್ತೇ ನಿಮಿಷಕ್ಕೆ ಮತ್ತೆ ಪಂಕ್ಚರ್ ಆದರೆ, ಮುರಿದ ಮುಳ್ಳಿನ ಮೊನೆ ಟೈರಿನೊಳಗೇ ಉಳಿದಿದೆ ಎಂದರ್ಥ. ಬೆರಳಿಗೆ ಅದು ಸಿಗುವುದಿಲ್ಲ, ಸಿಕ್ಕರೆ ಚುಚ್ಚುತ್ತದೆ. ಹೊಲದಂಚಿನಿಂದ ಒಂದು ಹಿಡಿ ಹತ್ತಿ ಹೆಕ್ಕಿ ಟೈರಿನ ಒಳಗೆ ಸುತ್ತ ಒರೆಸಿ. ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮುಳ್ಳು.

4. ರಾಶಿ ಕಂಡರೆ ಇಳಿಯಿರಿ

ಸುಗ್ಗಿಯಲ್ಲಿ ವಾಹನಗಳು ತುಳಿಯಲೆಂದು ರಸ್ತೆಯ ಮೇಲೇ ಜೋಳ, ಕಡಲೆ ಹರವಿರುತ್ತಾರೆ. ಹೊಟ್ಟು ಚೈನಿಗೆ ಸುತ್ತಿಕೊಳ್ಳುತ್ತದೆ, ಕಾಳಿನ ಮೇಲೆ ಗಾಲಿ ಜಾರುತ್ತದೆ. ಅದಕ್ಕಿಂತ ಮುಖ್ಯ, ಅದು ಒಂದು ಮನೆಯ ವರ್ಷದ ಅನ್ನ. ಸೈಕಲ್ ಕೈಯಲ್ಲಿ ಹಿಡಿದು ಅಂಚಿನಲ್ಲಿ ದಾಟಿ, “ರಾಶಿ ಚಲೋ ಆತೇನ್ರಿ?” ಎಂದು ಕೇಳಿ. ಮಜ್ಜಿಗೆ ಸಿಗದ ದಿನವೇ ನನಗೆ ನೆನಪಿಲ್ಲ.

5. ಬುತ್ತಿ

ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ತುಂಡು ಬೆಲ್ಲ. ದಿನವಿಡೀ ಕೆಡುವುದಿಲ್ಲ. ಮಿರ್ಚಿ ಭಜಿ ಊರು ಮುಟ್ಟಿದ ಮೇಲೆ.

6. ಸೂಡಿಯಲ್ಲಿ ನಿಲ್ಲದೆ ಹೋಗಬೇಡಿ

ರೋಣ ದಾಟಿ ಗಜೇಂದ್ರಗಡದ ಕಡೆ ಹೋಗುವಾಗ ಸಿಗುವ ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಜೋಡು ಕಳಸದ ಗುಡಿಯಿದೆ, ನಾಗಕುಂಡವಿದೆ. ಕುಂಡದ ಒಳಗೋಡೆಗಳ ತುಂಬ ಕೆತ್ತನೆ. ಇಷ್ಟು ಚೆಲುವಾದ ಬಾವಿಯನ್ನು ಹಂಪಿಗೆ ಹೋಗುವವರು ಕಾಣದೇ ಹೋಗುತ್ತಾರಲ್ಲ ಎಂದು ಪ್ರತಿ ಸಲ ಸಂಕಟವಾಗುತ್ತದೆ. ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ನಾನು ಇಲ್ಲೇ ಇರುತ್ತೇನೆ.

7. ಅದೇ ದಿನ ಮರಳಬೇಡಿ

ಬೆನ್ನಿಗೆ ಬಂದ ಗಾಳಿಯೇ ಮರಳುವಾಗ ಎದುರಾಗುತ್ತದೆ. ಗಜೇಂದ್ರಗಡದಲ್ಲೇ ಉಳಿದು ಕಾಲಕಾಲೇಶ್ವರನ ಮೆಟ್ಟಿಲು ಹತ್ತಿ. ಅಲ್ಲಿ ಅರಳಿಮರದ ಬೇರಿನಡಿಯಿಂದ ವರ್ಷವಿಡೀ ಇಳಿಯುವ ಅಂತರಗಂಗೆಗೆ ಕೈಯೊಡ್ಡಿ ಮುಖ ತೊಳೆಯಿರಿ. ನಸುಕಿನಲ್ಲಿ ಗಾಳಿ ಮಲಗಿರುತ್ತದೆ. ನಾಲ್ಕೂವರೆಗೆ ದೀಪ ಹಚ್ಚಿ ಹೊರಟರೆ, ಅದು ಏಳುವ ಹೊತ್ತಿಗೆ ನೀವು ರೋಣದಲ್ಲಿ ಚಹಾ ಕುಡಿಯುತ್ತಿರುತ್ತೀರಿ.