ಹೊಸ ಕಂಪ್ಯೂಟರಿನಲ್ಲಿ ನಿಲ್ಲದ ಹಿನ್ನೆಲೆ ಚಿತ್ರ

ಸೂರತ್ ನಗರದ ದಕ್ಷಿಣ ಭಾಗದಲ್ಲಿರುವ ಉಧ್ನಾ, ವಿದ್ಯುತ್ ಮಗ್ಗಗಳಿಗೆ ಹೆಸರಾದ ಕೈಗಾರಿಕಾ ಪ್ರದೇಶ. ಇಂಥ ಕಡೆಯ ಸಣ್ಣ ಘಟಕಗಳ ಕಚೇರಿಗಳಲ್ಲಿ, ದೀಪಾವಳಿಯಂದು ಪೂಜೆಗೊಳ್ಳುವ ಕೆಂಪು ಹೊದಿಕೆಯ ‘ಚೋಪಡಾ’ ಲೆಕ್ಕದ ಪುಸ್ತಕಗಳ ಪಕ್ಕದಲ್ಲಿಯೇ ಈಗ ಕಂಪ್ಯೂಟರಿಗೂ ಸ್ಥಾನ ದೊರೆತಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ತೆರಿಗೆಯ ವಿವರಗಳನ್ನು ಸಲ್ಲಿಸುವುದಕ್ಕೂ ಅದು ಬೇಕಾಗಿದೆ.

ಅಂಥ ಒಂದು ಕಚೇರಿಗೆ ವಿಂಡೋಸ್ ಇರುವ ಹೊಸ ಕಂಪ್ಯೂಟರ್ ಬಂದಿತೆಂದು ಇಟ್ಟುಕೊಳ್ಳಬಹುದು. ಗುಮಾಸ್ತರು ಗಣಪತಿಯ ಚಿತ್ರವನ್ನು ತೆರೆಯ ಹಿನ್ನೆಲೆಯಾಗಿ ಹಾಕುತ್ತಾರೆ. ಮರುದಿನ ನೋಡಿದರೆ ಗಣಪತಿ ಇಲ್ಲ. ಯಂತ್ರದ ಜೊತೆಗೆ ಬಂದ ನೀಲಿ ಚಿತ್ರವೇ ಮರಳಿದೆ. ಅಲಂಕಾರದ ವಿಷಯವೆಂದು ಇದನ್ನು ಅನೇಕರು ಕಡೆಗಣಿಸುತ್ತಾರೆ. ಅದು ಸರಿಯಲ್ಲ. ಮೊದಲು ನೋಡಬೇಕಾದುದು, ಚಿತ್ರವೊಂದೇ ಹೋಗಿದೆಯೇ ಅಥವಾ ಹಿಂದಿನ ದಿನ ಡೆಸ್ಕ್‌ಟಾಪಿನ ಮೇಲೆ ಉಳಿಸಿದ್ದ ಬಿಲ್ಲು, ಚಲನುಗಳ ಕಡತಗಳೂ ಕಾಣುತ್ತಿಲ್ಲವೇ ಎಂಬುದನ್ನು.

ಪ್ರತಿಯೊಬ್ಬ ಬಳಕೆದಾರನ ಚಿತ್ರ, ಕಡತ ಮತ್ತು ಆಯ್ಕೆಗಳನ್ನು ವಿಂಡೋಸ್ ಒಂದು ಪ್ರತ್ಯೇಕ ಕೋಶದಲ್ಲಿ ಇಡುತ್ತದೆ. ಇದಕ್ಕೆ ಪ್ರೊಫೈಲ್ ಎಂದು ಹೆಸರು. ಹಠಾತ್ತನೆ ವಿದ್ಯುತ್ ಕಡಿತವಾದುದರಿಂದಲೋ ಬೇರೆ ಕಾರಣದಿಂದಲೋ ಈ ಕೋಶ ತೆರೆಯದಿದ್ದರೆ, ವಿಂಡೋಸ್ ಅಂದಿನ ಮಟ್ಟಿಗೆ ಒಂದು ತಾತ್ಕಾಲಿಕ ಪ್ರೊಫೈಲನ್ನು ಒದಗಿಸುತ್ತದೆ. ‘ಯೂಸರ್ಸ್’ ಕೋಶದಲ್ಲಿ ಅದರ ಹೆಸರು ‘ಟೆಂಪ್’ ಎಂದು ಆರಂಭವಾಗುತ್ತದೆ. ನಿನ್ನೆಯ ಕಡತಗಳು ಸಾಮಾನ್ಯವಾಗಿ ಮೂಲ ಕೋಶದಲ್ಲಿ ಹಾಗೆಯೇ ಇರುತ್ತವೆ, ಗಾಬರಿಗೆ ಕಾರಣವಿಲ್ಲ. ಅಪಾಯವಿರುವುದು ಇಂದಿನ ಕೆಲಸಕ್ಕೆ. ತಾತ್ಕಾಲಿಕ ಪ್ರೊಫೈಲಿನ ಡೆಸ್ಕ್‌ಟಾಪಿನಲ್ಲಿ ಇಡೀ ದಿನ ಬರೆದಿಟ್ಟ ಲೆಕ್ಕ, ಸಂಜೆ ಸೈನ್ ಔಟ್ ಮಾಡಿದೊಡನೆ ಅಳಿದುಹೋಗುತ್ತದೆ.

ಆದುದರಿಂದ ಇಂಥ ಲಕ್ಷಣ ಕಂಡಾಗ ಯಂತ್ರವನ್ನು ಮುಚ್ಚುವ ಮೊದಲೇ ಅಂದಿನ ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳತಕ್ಕದ್ದು. ಆಮೇಲೆ ರೀಸ್ಟಾರ್ಟ್ ಮಾಡಬೇಕು. ಎಷ್ಟೋ ಸಲ ಇಷ್ಟರಿಂದಲೇ ಮೂಲ ಪ್ರೊಫೈಲ್ ತೆರೆದುಕೊಂಡು, ಗಣಪತಿಯ ಚಿತ್ರವೂ ಬರುತ್ತದೆ. ಬಾರದಿದ್ದರೆ ದುರಸ್ತಿಗೆ ರಿಜಿಸ್ಟ್ರಿ ಎಂಬ ಭಾಗವನ್ನು ತಿದ್ದಬೇಕಾಗಬಹುದು. ಅದನ್ನು ಬಲ್ಲವರಿಗೇ ಬಿಡುವುದು ಲೇಸು.

ಕಡತಗಳೆಲ್ಲ ಸುರಕ್ಷಿತವಾಗಿದ್ದು ಚಿತ್ರ ಮಾತ್ರ ಬದಲಾಗಿದ್ದರೆ ಕಾರಣ ಸಾಮಾನ್ಯವಾಗಿ ಸರಳ. ‘ಪರ್ಸನಲೈಸೇಶನ್’ ಪುಟದಲ್ಲಿ ‘ಪಿಕ್ಚರ್’ ಬದಲು ‘ಸ್ಲೈಡ್ ಶೋ’ ಅಥವಾ ‘ವಿಂಡೋಸ್ ಸ್ಪಾಟ್‌ಲೈಟ್’ ಎಂದಿದ್ದರೆ ಚಿತ್ರ ತಾನಾಗಿಯೇ ಬದಲಾಗುತ್ತಿರುತ್ತದೆ. ಸ್ಲೈಡ್ ಶೋ ಚಿತ್ರಗಳು ಪೆನ್ ಡ್ರೈವಿನಲ್ಲಿದ್ದರೆ, ಅದನ್ನು ಕಿತ್ತ ಮೇಲೆ ಯಂತ್ರಕ್ಕೆ ಅವು ಸಿಗುವುದಿಲ್ಲ. 2012ರ ವಿಂಡೋಸ್ 8ರಿಂದ ಈಚೆಗೆ, ಒಂದೇ ಖಾತೆಯಿಂದ ಎರಡು ಯಂತ್ರಗಳನ್ನು ಬಳಸುವವರ ಆಯ್ಕೆಗಳು ಒಂದರಿಂದ ಇನ್ನೊಂದಕ್ಕೆ ಸಾಗುವ ಏರ್ಪಾಡೂ ಬಂದಿದೆ. ಮನೆಯ ಯಂತ್ರದ ಚಿತ್ರ ಕಚೇರಿಯಲ್ಲಿ ಕಾಣಿಸಿಕೊಂಡರೆ ಈ ಏರ್ಪಾಡನ್ನು ನಿಲ್ಲಿಸಿ ನೋಡಬಹುದು. ದೊಡ್ಡ ಸಂಸ್ಥೆಗಳಲ್ಲಿ ವ್ಯವಸ್ಥಾಪಕರೇ ಚಿತ್ರವನ್ನು ನಿಗದಿಪಡಿಸಿರುವುದುಂಟು. ಅಲ್ಲಿ ಗುಮಾಸ್ತರ ಪ್ರಯತ್ನ ವ್ಯರ್ಥ.

ಪರವಾನಗಿಯನ್ನೂ ಪರಿಶೀಲಿಸಬೇಕು. 2008ರಲ್ಲಿ ಮೈಕ್ರೋಸಾಫ್ಟ್, ಅಸಲಿಯಲ್ಲದ ವಿಂಡೋಸ್ ಎಕ್ಸ್‌ಪಿ ಪ್ರತಿಗಳ ಹಿನ್ನೆಲೆಯನ್ನು 60 ನಿಮಿಷಕ್ಕೊಮ್ಮೆ ಕಪ್ಪಾಗಿಸುವ ಕ್ರಮ ಕೈಗೊಂಡಿತ್ತು. ವಿಂಡೋಸ್ 10 ಮತ್ತು 11ರಲ್ಲಿ ಸಕ್ರಿಯಗೊಳಿಸದ ಪ್ರತಿಯಾದರೆ ಪರ್ಸನಲೈಸೇಶನ್ ಪುಟದ ಆಯ್ಕೆಗಳು ತೆರೆಯುವುದಿಲ್ಲ. ತೆರೆಯ ಕೆಳಬಲ ಮೂಲೆಯಲ್ಲಿ ಮಸುಕಾದ ಸೂಚನೆಯೂ ಕಾಣುತ್ತದೆ. ಹೊಸದೆಂದು ಹಣ ಕೊಟ್ಟು ಕೊಂಡ ಯಂತ್ರದಲ್ಲಿ ಇದು ಕಂಡರೆ, ವಿಂಡೋಸ್ ಬೆಲೆಯಲ್ಲಿ ಸೇರಿತ್ತೇ ಎಂಬುದನ್ನು ರಸೀದಿಯಲ್ಲಿ ನೋಡಿ ಮಾರಾಟಗಾರರನ್ನು ಕೇಳುವುದು ಗ್ರಾಹಕರ ಹಕ್ಕು.

ಯಾವುದೂ ತಿಳಿಯದಿದ್ದರೆ ಅದೇ ಯಂತ್ರದಲ್ಲಿ ಮತ್ತೊಬ್ಬ ಬಳಕೆದಾರನ ಖಾತೆ ತೆರೆದು, ಅಲ್ಲಿ ಚಿತ್ರ ಹಾಕಿ, ರೀಸ್ಟಾರ್ಟ್ ಮಾಡಿ ನೋಡಬೇಕು. ಅಲ್ಲಿ ನಿಂತರೆ ದೋಷವಿರುವುದು ಮೊದಲ ಖಾತೆಯಲ್ಲಿ. ಅಲ್ಲಿಯೂ ನಿಲ್ಲದಿದ್ದರೆ ಯಂತ್ರದ ಜೊತೆಗೆ ತಯಾರಕರು ತುಂಬಿಕೊಟ್ಟ ತಂತ್ರಾಂಶದ ಕಡೆ ನೋಡಬೇಕಾಗುತ್ತದೆ.