ನಡುಗುವ ಕಾರಿಗೆ ಮೊದಲು ಟೈರು, ಆಮೇಲೆ ಎಣ್ಣೆ ನೋಡಿಸಿ
ನಿಮ್ಮ ಬಿಎಂಡಬ್ಲ್ಯು ಎಕ್ಸ್‌ಡ್ರೈವ್ (ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ) ಕಾರು ಮೆಲ್ಲಗೆ ತಿರುಗುವಾಗ ತಳದಿಂದ ಗಡಗಡ ನಡುಗುತ್ತಿದೆಯೇ? ಗೇರ್‌ಬಾಕ್ಸ್ ಬಿಚ್ಚಿಸಲು ಆತುರಪಡಬೇಡಿ. ಮೊದಲು ನಾಲ್ಕೂ ಟೈರುಗಳ ಅಳತೆ ಕಂಪನಿ ಹೇಳಿದಂತೆಯೇ ಇದೆಯೇ, ಸವೆತ ಒಂದೇ ಇದೆಯೇ ನೋಡಿ. ಸವೆತ ಹೆಚ್ಚುಕಡಿಮೆಯಿದ್ದರೆ ಯಾವ ಎಣ್ಣೆಯೂ ನಡುಕ ನಿಲ್ಲಿಸದು.

ಟೈರು ಸರಿಯಿದ್ದರೆ ಅನುಮಾನ ಟ್ರಾನ್ಸ್‌ಫರ್ ಕೇಸಿನ ಮೇಲೆ. ಮುಂದಿನ ಚಕ್ರಗಳಿಗೆ ಶಕ್ತಿ ಹಂಚುವ ಅದರ ಕ್ಲಚ್ ಪ್ಲೇಟುಗಳು ಎಣ್ಣೆಯಲ್ಲೇ ಕೆಲಸ ಮಾಡುತ್ತವೆ. ಎಣ್ಣೆ ಹಳತಾದರೆ ಅವು ನಯವಾಗಿ ಜಾರದೆ ಕಚ್ಚಿ ಕಚ್ಚಿ ಬಿಡುತ್ತವೆ. ಈ ಎಣ್ಣೆಯನ್ನು ‘ಜೀವಮಾನವಿಡೀ ಬದಲಿಸಬೇಕಿಲ್ಲ’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಎಣ್ಣೆ ಹಿಡಿಸುವುದು ಹೆಚ್ಚೆಂದರೆ ಸುಮಾರು 1 ಲೀಟರ್. ಆದರೆ ಕಂಪನಿ ಹೇಳಿದ ದರ್ಜೆಯದೇ ಆಗಬೇಕು. ಎಣ್ಣೆ ತುಂಬುವ ಮೇಲಿನ ಬೋಲ್ಟ್ ಸಡಿಲಾಯಿತೆಂದು ಖಾತ್ರಿಯಾದ ಮೇಲಷ್ಟೇ ಕೆಳಗಿನದನ್ನು ಬಿಚ್ಚಿಸಿ. ಕಡೆಗೆ ಸ್ಕ್ಯಾನರ್ ಹಾಕಿಸಿ, ಎಣ್ಣೆ ಬದಲಾದದ್ದನ್ನು ಕಾರಿನ ಕಂಪ್ಯೂಟರಿನಲ್ಲಿ ದಾಖಲಿಸಿ.