ಒಬ್ಬರ ನೆರಳಲ್ಲೇ ನಿಲ್ಲಬೇಡಿ

ವಡೋದರದ ರಿಫೈನರಿಗೋ, ಸೂರತ್ ಪಕ್ಕದ ಹಜೀರಾಕ್ಕೋ, ಅಹಮದಾಬಾದಿನ ಬ್ಯಾಂಕಿಗೋ ಕೆಲಸಕ್ಕೆ ಹೊರಟ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ದೊಡ್ಡ ಕಂಪನಿ ಎಂದಮೇಲೆ ಗುಂಪುಗಾರಿಕೆ ಇದ್ದೇ ಇರುತ್ತದೆ. ಯಾರೋ ಒಬ್ಬ ಸಾಹೇಬರ ಹಿಂದೆ ಬಿದ್ದರೆ ಬಡ್ತಿ ಸಲೀಸು ಅನ್ನಿಸುತ್ತದೆ. ನಂಬಬೇಡಿ. ಒಂದು ಉದಾಹರಣೆ ನೋಡಿ: ವಡೋದರದಲ್ಲಿ 1969ರಲ್ಲಿ ಶುರುವಾದ ಐಪಿಸಿಎಲ್ (ಇಂಡಿಯನ್ ಪೆಟ್ರೋಕೆಮಿಕಲ್ಸ್ ಕಾರ್ಪೊರೇಷನ್) ಸರ್ಕಾರಿ ಕಂಪನಿಯಾಗಿತ್ತು. 2002ರಲ್ಲಿ ಶೇ 26ರಷ್ಟು ಪಾಲಿನೊಂದಿಗೆ ಆಡಳಿತ ರಿಲಯನ್ಸ್ ಕೈಗೆ ಹೋಯಿತು. 2007ರಲ್ಲಿ ಕಂಪನಿಯೇ ಅದರಲ್ಲಿ ವಿಲೀನವಾಯಿತು. ಹೀಗೆ ಯಜಮಾನಿಕೆ ಬದಲಾದಾಗ ಮೇಲಿನ ಕುರ್ಚಿಗಳು ಅಲುಗಾಡುತ್ತವೆ. ಅವಕ್ಕೆ ಒರಗಿ ನಿಂತವರ ಗತಿ? ಪ್ಲಾಂಟ್ ನಡೆಸಬಲ್ಲವರು ಮಾತ್ರ ಹೊಸಬರಿಗೂ ಬೇಕು.

ಹಾಗಂತ ತಲೆ ತಗ್ಗಿಸಿ ದುಡಿದರೆ ಸಾಕು ಎಂದೂ ಹೇಳಲಾರೆ. ಮಾಡಿದ್ದು ಕಾಣಬೇಕು. ಮೀಟಿಂಗ್ ಮುಗಿದ ಕೂಡಲೇ ಎರಡು ಸಾಲಿನ ಮೇಲ್ ಹಾಕಿ: ‘ಇಂದು ಒಪ್ಪಿದಂತೆ ಪಂಪ್ ರಿಪೇರಿಯ ವರದಿ ಶುಕ್ರವಾರ ನಾನು ಕೊಡುತ್ತೇನೆ, ಬಿಡಿಭಾಗದ ಆರ್ಡರ್ ಪರ್ಚೇಸ್‌ನವರದು.’ ನಿಮ್ಮ ಕೆಲಸಕ್ಕೆ ಬೇರೆಯವರು ಹೆಸರು ಹಾಕಿಕೊಳ್ಳಲು ಬಂದಾಗ ಜಗಳಕ್ಕಿಂತ ಆ ಮೇಲ್ ಹೆಚ್ಚು ಕೆಲಸ ಮಾಡುತ್ತದೆ. ಅಪ್ರೈಸಲ್‌ಗೆ ಬೇಕಾದ್ದನ್ನು ತಿಂಗಳು ತಿಂಗಳು ಬರೆದಿಟ್ಟುಕೊಳ್ಳಿ. ಮಾರ್ಚ್‌ನಲ್ಲಿ ನೆನಪಿಸಿಕೊಳ್ಳಲು ಕೂತರೆ ಅರ್ಧ ಮರೆತಿರುತ್ತದೆ.

ಇನ್ನೊಂದು, ಗುಜರಾತಿ ಕಲಿಯಿರಿ. ಕನ್ನಡದವರೇ ಒಟ್ಟಿಗೆ ಊಟಕ್ಕೆ ಕೂತರೆ ನೀವೂ ಒಂದು ಗುಂಪು ಅನ್ನಿಸಿಕೊಳ್ಳುತ್ತೀರಿ. ಚಹಾದ ಹೊತ್ತಿಗೆ ಆಪರೇಟರ್‌ಗಳ ಮೇಜಿಗೆ ಹೋಗಿ, ಹೆಸರಿನ ಜೊತೆ ಭಾಯಿ, ಬೆನ್ ಎಂದು ಸೇರಿಸಿ ಮಾತಾಡಿಸಿ. ಆದರೆ ಅಲ್ಲಿಲ್ಲದವರ ಸುದ್ದಿ ಶುರುವಾದರೆ ಲೋಟ ಖಾಲಿ ಮಾಡಿ ಎದ್ದುಬಿಡಿ.